ಹನ್ನೆರಡು ಬಿಳಿಗಳ ಡಬ್ಬಿ

ಮೇ 5, ಸೋಮವಾರ
ನದಿಯ ದಡ, ವ್ಯಾನಿನ ಹಿಂಬಾಗಿಲು

ಚೂಟಿಗೆ,

ಬೈಯುವ ಮುಂಚೆ ಕೂತು ಪೂರ್ತಿ ಓದು. ನಾನು ಓಡಿಹೋಗಿಲ್ಲ. ನಿನ್ನೆ ಬೆಳಿಗ್ಗೆ ನೀವೆಲ್ಲ ಏಳುವ ಮುಂಚೆ ಹೊರಟೆ, ಅಷ್ಟೇ. ಹೇಳಿ ಹೊರಟಿದ್ದರೆ ನಿನ್ನ ಅಮ್ಮ ಸ್ವೆಟರ್, ಟೋಪಿ, ಮಾತ್ರೆ ಡಬ್ಬಿ ಎಂದು ಮಧ್ಯಾಹ್ನದವರೆಗೆ ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಿದ್ದಳು. ತಮ್ಮನಿಗೆ ಅರವತ್ಮೂರಾದರೂ ಅಕ್ಕನಿಗೆ ಅವನ ನೆಗಡಿಯದೇ ಯೋಚನೆ.

ಫೋನನ್ನು ಬೇಕೆಂದೇ ಬಿಟ್ಟುಬಂದಿದ್ದೇನೆ. ಮೇಜಿನ ಎರಡನೇ ಖಾನೆಯಲ್ಲಿ ಮೇಣದ ತುಂಡುಗಳ ಕೆಳಗೆ ಇದೆ. ಇಲ್ಲಿ ಹೇಗೂ ಸಿಗ್ನಲ್ ಇಲ್ಲ. ಸೇತುವೆಯ ಪಕ್ಕ ಮೀನು ಹಿಡಿಯಲು ಪರವಾನಗಿ ಕೊಡುವ ಕಚೇರಿಯೊಂದಿದೆ. ಬೆಳಿಗ್ಗೆ ಒಂಬತ್ತರ ಬಸ್ಸು ಅಲ್ಲಿಗೆ ಟಪಾಲು ತರುತ್ತದೆ, ಸಂಜೆ ನಾಲ್ಕಕ್ಕೆ ಒಯ್ಯುತ್ತದೆ. ಏನಾದರೂ ಇದ್ದರೆ ಬರೆ. ಏನೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಮೂವತ್ನಾಲ್ಕು ವರ್ಷದಿಂದ ಕೃತಕ ಕಣ್ಣು ಮಾಡುತ್ತಿದ್ದೇನೆ. ಒಂದೇ ಒಂದು ವಾಪಸ್ ಬಂದಿರಲಿಲ್ಲ. ಈಗ ಎರಡು ತಿಂಗಳಲ್ಲಿ ಮೂರು. ಮೂವರದೂ ಒಂದೇ ದೂರು: ಬಿಳಿ ಹೊಂದುವುದಿಲ್ಲ, ಹಳದಿ ಹೊಡೆಯುತ್ತದೆ. ನನಗಂತೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಆದರೂ ಮೂವರು ಹೇಳಿದ ಮೇಲೆ ಏನೋ ಇರಬೇಕಲ್ಲ. ಇದೆಲ್ಲ ಆ ಬಣ್ಣದವನ ಕೆಲಸ. ಹೊಸ ಸರಕಿನಲ್ಲಿ ಏನೋ ಬೆರೆಸಿದ್ದಾನೆ, ಕೆಲವು ದಿನ ಕಳೆದ ಮೇಲೆ ಹಳದಿಗೆ ತಿರುಗುತ್ತದೆ. ಕೇಳಿದರೆ ಅದೇ ಬಣ್ಣ, ಅದೇ ಡಬ್ಬ ಎನ್ನುತ್ತಾನೆ. ಅವನಿಗೊಂದು ಖಾರವಾದ ಪತ್ರ ಬರೆದು ಹಾಕು. ಅವನ ಜೊತೆ ಮತ್ತೆ ಮಾತಾಡಿದರೆ ನನ್ನ ತಲೆ ಸಿಡಿದುಹೋಗುತ್ತದೆ, ಅದಕ್ಕೇ ಇಲ್ಲಿಗೆ ಬಂದೆ.

ಭಾನುವಾರ ವಾಪಸ್. ಅಲ್ಲಿಯವರೆಗೆ ನೀನು ಪಾಲಿಶ್ ಕೆಲಸ ಮುಗಿಸು. ವಾಪಸ್ ಬಂದಿರುವ ಈಜು ಮೇಷ್ಟ್ರ ಕಣ್ಣನ್ನು ಮಾತ್ರ ಮುಟ್ಟಬೇಡ. ಅದನ್ನು ಬಂದ ಮೇಲೆ ನಾನೇ ಹೊಸದಾಗಿ ಮಾಡುತ್ತೇನೆ.

ಟ್ರೌಟ್ ಮೀನು ಇನ್ನೂ ಸಿಕ್ಕಿಲ್ಲ. ಮೊದಲ ದಿನ ಯಾರಿಗೂ ಸಿಗುವುದಿಲ್ಲ.

ನಿನ್ನ ಮಾವ

*

ಮೇ 6, ಮಂಗಳವಾರ
ವರ್ಕ್‌ಶಾಪು

ಮಾವ,

ನೀವು ಕ್ಷೇಮವೆಂದು ತಿಳಿಯಿತು. ನಾವು ಕ್ಷೇಮವಾಗಿಲ್ಲ.

ಭಾನುವಾರ ಎದ್ದು ನೋಡಿದರೆ ವ್ಯಾನಿಲ್ಲ. ಅಮ್ಮ ಪೊಲೀಸ್ ಠಾಣೆಗೆ ಹೊರಟು ನಿಂತಿದ್ದಳು. ಅಟ್ಟದ ಮೇಲಿನ ಗಾಳದ ಕೋಲೂ ಇಲ್ಲವೆಂದು ಗೊತ್ತಾದ ಮೇಲೆ ಕಳ್ಳ ಯಾರೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಬಂದಳು. ಎರಡನೇ ಖಾನೆ ಎರಡು ದಿನದಿಂದ ಗುಂಯ್‌ಗುಡುತ್ತಿತ್ತು. ಇವತ್ತು ನಿಮ್ಮ ಪತ್ರ ಓದಿದ ಮೇಲೆ ತೆಗೆದು ನೋಡಿದರೆ ಹತ್ತೊಂಬತ್ತು ಕರೆ. ಅದರಲ್ಲಿ ಹನ್ನೊಂದು ಅಮ್ಮನದೇ. ಸ್ವೆಟರ್ ಇಲ್ಲದೆ ಹೋಗಿದ್ದೀರಂತೆ, ಬರೆ ಎಂದಳು. ಬರೆದಿದ್ದೇನೆ.

ವ್ಯಾನ್ ಒಯ್ದಿರಿ, ಸರಿ. ಒಳಗೆ ಏನಿದೆಯೆಂದು ಒಮ್ಮೆ ನೋಡಬಾರದಿತ್ತೇ? ಗುರುವಾರ ಆಸ್ಪತ್ರೆಗೆ ಒಯ್ದ ಕಪ್ಪು ಚೀಲ ಮುಂದಿನ ಸೀಟಿನ ಕೆಳಗಿದೆ. ಅದರಲ್ಲಿ ಈಜು ಮೇಷ್ಟ್ರ ಕಣ್ಣಿನ ಅಚ್ಚಿದೆ, ಹನ್ನೆರಡು ಬಿಳಿಗಳ ಡಬ್ಬಿಯೂ ಇದೆ. ಇಡೀ ವರ್ಕ್‌ಶಾಪಿಗೆ ಇರುವುದೇ ಅದೊಂದು ಡಬ್ಬಿ. ಒಂದನೇ ನಂಬರಿನ ಎಳೆಮಗುವಿನ ನೀಲಿಬಿಳಿಯಿಂದ ಹನ್ನೆರಡನೆಯ ಮುದುಕರ ಹಳದಿಬಿಳಿಯವರೆಗೆ, ಯಾರ ಕಣ್ಣಿಗೆ ಯಾವ ಬಿಳಿ ಎಂದು ಪಕ್ಕದಲ್ಲಿ ಹಿಡಿದು ನೋಡುವುದು ಅದರೊಳಗಿನ ಮಾದರಿ ಚೂರುಗಳಿಂದಲೇ. ನೀವು ಅದನ್ನು ಮೀನುಗಳಿಗೆ ತೋರಿಸುತ್ತಿದ್ದೀರೋ ಏನೋ.

ಈಜು ಮೇಷ್ಟ್ರು ನಿನ್ನೆ ಬಂದಿದ್ದರು. ಒಂದು ಗಂಟೆ ಬೆಂಚಿನ ಮೇಲೆ ಕೂತೇ ಇದ್ದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು, ಬೈಯಲಿಲ್ಲ. ರಿಪೇರಿಗೆ ಮುಚ್ಚಿದ್ದ ಈಜುಕೊಳ ಮುಂದಿನ ಸೋಮವಾರ ತೆರೆಯುತ್ತದಂತೆ. ನಲವತ್ತು ಮಕ್ಕಳು. "ಮಾರ್ಚಲ್ಲಿ ಹೊಸ ಕಣ್ಣು ಹಾಕ್ಕೊಂಡು ಹೋದೆನಮ್ಮ. ಮೂರನೇ ದಿನಕ್ಕೆ ಬೆಣ್ಣೆಕಣ್ಣು ಸರ್ ಅಂತ ಹೆಸರಿಟ್ರು. ಮಕ್ಕಳು, ಅವರನ್ನೇನು ಹೇಳೋದು. ಆದ್ರೆ ನಾನು ಸೀಟಿ ಊದಿದ್ರೆ ನೀರೊಳಗಿರೋರು ನನ್ನ ಮುಖ ನೋಡ್ಬೇಕಲ್ವಾ. ನೋಡ್ತಾರೆ, ನಗ್ತಾರೆ, ನಾನು ಹೇಳಿದ್ದು ಕೇಳಿಸ್ಕೊಳಲ್ಲ. ನೀರಲ್ಲಿ ಅದು ಆಟ ಅಲ್ಲ." ಈ ಸಲವೂ ಸರಿಯಾಗದಿದ್ದರೆ ಕೊಳದ ಕೆಲಸವನ್ನೇ ಬಿಟ್ಟು ಕಚೇರಿಯ ಮೂಲೆಯಲ್ಲಿ ಕೂರುತ್ತಾರಂತೆ.

ಶುಕ್ರವಾರದೊಳಗೆ ಆಗಬೇಕು. ನೀವು ಭಾನುವಾರ ಬಂದು ಯಾವಾಗ ಮಾಡುತ್ತೀರಿ? ಅಚ್ಚು, ಡಬ್ಬಿ ಎರಡನ್ನೂ ಬಸ್ಸಿನಲ್ಲಿ ಕಳಿಸಿ. ನಾನು ಮಾಡುತ್ತೇನೆ. ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಅಚ್ಚು ತೆಗೆಯುವವಳು ನಾನು, ಎರಕ ಹೊಯ್ಯುವವಳು ನಾನು, ರಕ್ತನಾಳದ ಜಾಗಕ್ಕೆ ಕೆಂಪು ರೇಷ್ಮೆಯ ಎಳೆ ಜೋಡಿಸುವವಳು ನಾನು. ಕುಂಚ ಒಂದನ್ನು ಮಾತ್ರ ನೀವು ಕೊಟ್ಟಿಲ್ಲ. ಈ ಸಲ ಕೊಡಿ.

ಚೂಟಿ

*

ಮೇ 6, ಮಂಗಳವಾರ
ನದಿಯ ದಡ

ಚೂಟಿಗೆ,

ನಿನ್ನಿಂದ ಪತ್ರ ಬಂದಿಲ್ಲ. ಅಂದರೆ ಅಲ್ಲಿ ಎಲ್ಲ ಸುಸೂತ್ರ.

ಇಲ್ಲಿ ವಿಶ್ರಾಂತಿ ತೆಗೆದುಕೊಳ್ಳುವುದು ವರ್ಕ್‌ಶಾಪಿನ ಕೆಲಸಕ್ಕಿಂತ ಕಷ್ಟವಾಗಿದೆ. ಸ್ಟೌವ್ ಹತ್ತಿಸಲು ಅರ್ಧ ಡಬ್ಬಿ ಕಡ್ಡಿ ಖರ್ಚಾಯಿತು. ವ್ಯಾನಿನೊಳಗೆ ಕಾಲು ಚಾಚಿದರೆ ತಲೆಗೆ ಗೇರ್ ತಗಲುತ್ತದೆ, ತಲೆ ಸರಿಸಿದರೆ ಕಾಲು ಬಾಗಿಲಾಚೆ ಹೋಗುತ್ತದೆ. ಬೆಳಗಿನ ಚಳಿಗೆ ಬೆರಳು ಮರಗಟ್ಟುತ್ತದೆ. ಸ್ವೆಟರಿನ ವಿಷಯ ನಿನ್ನ ಅಮ್ಮನಿಗೆ ಹೇಳಬೇಡ.

ಪಕ್ಕದಲ್ಲಿ ಒಂದು ಟೆಂಟು. ಅದರಲ್ಲಿ ನಿವೃತ್ತಿಯಾದ ರೈಲ್ವೆ ಗಾರ್ಡ್ ಒಬ್ಬರು, ಹೆಂಗಸು, ನನ್ನದೇ ವಯಸ್ಸು. ಐದು ಗಂಟೆಗೆ ಎದ್ದು ಮೊಣಕಾಲುದ್ದದ ನೀರಿಗಿಳಿದು ನಿಲ್ಲುತ್ತಾರೆ. ಗಾಳದ ತುದಿಗೆ ಕಟ್ಟುವ ನಕಲಿ ನೊಣವನ್ನು ನಾನು ಕಟ್ಟಿದ ಚಂದ ಅವರಿಗೆ ಬರುವುದಿಲ್ಲ, ಮೀನು ಮಾತ್ರ ಅವರಿಗೇ ಸಿಗುತ್ತದೆ. ನಿಮ್ಮದು ಏನು ಕೆಲಸ ಎಂದು ಕೇಳಿದರು. ಬಿಡಿಸಿ ಹೇಳಲು ಬೇಸರವಾಗಿ ಪೇಂಟರ್ ಅಂದೆ. ಅವರ ಮನೆಯ ಗೇಟಿಗೆ ಬಣ್ಣ ಹೊಡೆಯಬೇಕಂತೆ, ದಿನಕ್ಕೆ ಎರಡು ಸಲ ಅದರ ಅಳತೆ ಹೇಳುತ್ತಿದ್ದಾರೆ. ಒಂಟಿಯಾಗಿ ಇರಬೇಕೆಂದು ಇಷ್ಟು ದೂರ ಬಂದವನ ಹಣೆಬರಹ.

ನನಗೂ ಇವತ್ತು ಎರಡು ಟ್ರೌಟ್ ಸಿಕ್ಕವು. ಒಳ್ಳೆಯ ಗಾತ್ರದವು. ವಾಪಸ್ ನೀರಿಗೆ ಬಿಟ್ಟೆ.

ಬಣ್ಣದವನಿಗೆ ಬರೆದೆಯಾ? ಮೆತ್ತಗೆ ಬರೆಯಬೇಡ. ನಮ್ಮ ಹೆಸರು ಕೆಡಿಸಿದ್ದೀರಿ ಎಂದೇ ಬರೆ.

ಮಾವ

*

ಮೇ 7, ಬುಧವಾರ
ನದಿಯ ದಡ

ಚೂಟಿ,

ಪತ್ರ ಸಿಕ್ಕಿತು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಈ ಪತ್ರದ ಜೊತೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಎರಕ ಹೊಯ್ದು ಇಡು, ಅಷ್ಟು ಸಾಕು. ಡಬ್ಬಿ ಕಳಿಸುವುದಿಲ್ಲ. ಬಿಳಿಗೆ ಬಣ್ಣ ಕೊಡುವವನು ನಾನು, ಡಬ್ಬಿ ನನ್ನ ಹತ್ತಿರ ಇದ್ದರೆ ಏನು ಮುಳುಗಿಹೋಗುತ್ತದೆ?

ಈಜು ಮೇಷ್ಟ್ರಿಗೆ ಒಂದು ವಾರ ಕಪ್ಪು ಕನ್ನಡಕ ಹಾಕಿಕೊಳ್ಳಲು ಹೇಳು. ಹಳೆಯ ಗಿರಾಕಿ, ಅರ್ಥ ಮಾಡಿಕೊಳ್ಳುತ್ತಾರೆ. ಇಂಥ ಹೊತ್ತಿನಲ್ಲೇ ನೀನು ಕುಂಚ ಕೇಳುವುದು ನನಗೆ ಸರಿಕಾಣಲಿಲ್ಲ. ಮೂರು ಕಣ್ಣು ವಾಪಸ್ ಬಂದು ಹೆಸರು ಬೀದಿಗೆ ಬಿದ್ದಿದೆ, ನಾಲ್ಕನೆಯದನ್ನು ಕಲಿಯುವವರ ಕೈಗೆ ಕೊಡಲೇ? ಎಳೆ ಜೋಡಿಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಅದನ್ನು ನಾಲ್ಕು ಜನರ ಮುಂದೆ ಹೇಳಿದ್ದೇನೆ. ಬಣ್ಣ ಬೇರೆ. ಅದು ವರ್ಷ ಎಣಿಸಿದರೆ ಬರುವುದಿಲ್ಲ. ಕಣ್ಣಿರಬೇಕು.

ಬಣ್ಣದವನಿಗೆ ಬರೆದ ಸುದ್ದಿಯೇ ಇಲ್ಲ ನಿನ್ನ ಪತ್ರದಲ್ಲಿ. ಹೇಳಿದ ಒಂದು ಕೆಲಸ ಬಿಟ್ಟು ಬೇರೆಲ್ಲ ಬರೆದಿದ್ದೀಯ.

ಮಾವ

*

ಮೇ 8, ಗುರುವಾರ
ವರ್ಕ್‌ಶಾಪು

ಮಾವ,

ಅಚ್ಚು ಬಂತು. ಡಬ್ಬಿ ನೀವೇ ಇಟ್ಟುಕೊಳ್ಳಿ.

ಬಣ್ಣದವನಿಗೆ ನಾನು ಬರೆಯುವುದಿಲ್ಲ. ಅವನು ಕಳಿಸಿದ್ದು ಅದೇ ಬಣ್ಣ, ಅದೇ ಡಬ್ಬ. ಅವನ ತಪ್ಪಿಲ್ಲವೆಂದು ನನಗೆ ಮೊದಲಿಂದ ಗೊತ್ತು. ನಿಮಗೆ ಹೇಗೆ ಹೇಳುವುದೆಂದು ಒಂದು ವರ್ಷಕ್ಕಿಂತ ಹೆಚ್ಚಾಗಿ ಒದ್ದಾಡಿದ್ದೇನೆ. ಇವತ್ತು ನಿಮ್ಮ ಪತ್ರ ಓದಿದ ಮೇಲೆ ಒದ್ದಾಟ ಮುಗಿಯಿತು.

ಹಳದಿ ನಿಮಗೆ ಕಾಣುತ್ತಿಲ್ಲ ಮಾವ. ಕಳೆದ ವರ್ಷದ ಜನವರಿಯಿಂದ ನೀವು ಕೊಟ್ಟ ಒಂದು ಬಿಳಿಯೂ ಸರಿ ಇರಲಿಲ್ಲ. ಐದನೇ ನಂಬರ್ ಎಂದು ಹೇಳಿ ಎಂಟನೆಯದನ್ನು ಬಳಿಯುತ್ತೀರಿ. ನೀವು ಊಟಕ್ಕೆ ಎದ್ದು ಹೋದ ಮೇಲೆ ನಾನು ಒರೆಸಿ, ಹೊಸದಾಗಿ ಬಳಿದು, ಅದರ ಮೇಲೆ ಎಳೆ ಜೋಡಿಸಿ, ಮೇಲಿನ ಪಾರದರ್ಶಕ ಪದರ ಹಾಕಿ ಮುಚ್ಚಿಬಿಡುತ್ತಿದ್ದೆ. ನೀವು ಬಂದು ಕಿಟಕಿಯ ಬೆಳಕಿಗೆ ಹಿಡಿದು "ಹ್ಞೂಂ" ಅನ್ನುತ್ತಿದ್ದಿರಿ. ಹದಿನಾಲ್ಕು ತಿಂಗಳಲ್ಲಿ ನಲವತ್ತೊಂದು ಕಣ್ಣು. ಅಷ್ಟೂ ಜನ ನಿಮ್ಮ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಹೋದರು.

ಹೇಳಬಾರದಿತ್ತೇ ಎಂದು ಕೇಳುತ್ತೀರಿ. ಹೇಳಿದ್ದೆ. ಮಾರ್ಚ್ ಮೊದಲ ವಾರ ಈಜು ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದಾಗ, "ಮಾವ, ಈ ಬಿಳಿ ಒಂಚೂರು ಹಳದಿ ಆಯ್ತೇನೋ" ಅಂದೆ. ನೀವು ತಿರುಗಿಯೂ ನೋಡದೆ, "ದಾರ ಪೋಣಿಸೋಳು ದಾರ ಪೋಣಿಸ್ತಾ ಇರು. ಬಣ್ಣದ ವಿಷಯ ನಿಂಗ್ಯಾಕೆ?" ಅಂದಿರಿ. ಮೇಷ್ಟ್ರು ಪಾಪ ನೆಲ ನೋಡಿದರು.

ಅವತ್ತು ನಾನು ಕೈ ತೆಗೆದುಬಿಟ್ಟೆ. ನೀವು ಊಟಕ್ಕೆ ಎದ್ದಿರಿ, ನಾನು ಆ ಕಣ್ಣನ್ನು ಒರೆಸಲಿಲ್ಲ. ಹೇಗಿತ್ತೋ ಹಾಗೇ ಎಳೆ ಜೋಡಿಸಿ ಮುಚ್ಚಿದೆ. ಮುಂದಿನ ಎರಡನ್ನೂ ಹಾಗೇ ಮಾಡಿದೆ, ಹೋಟೆಲಿನ ರಿಸೆಪ್ಷನಿಸ್ಟ್ ಹುಡುಗಿಯದು ಮತ್ತು ಎಳನೀರಿನಂಥ ತಿಳಿಬಿಳಿಯ ಕಣ್ಣಿನ ಆ ಅಜ್ಜಿಯದು. ವಾಪಸ್ ಬರಲಿ, ಇವರಿಗೆ ಗೊತ್ತಾಗಲಿ ಅನ್ನಿಸಿತ್ತು. ವಾಪಸ್ ಬಂದವು. ನಿಮಗೆ ಗೊತ್ತಾಗಲಿಲ್ಲ, ಬಣ್ಣದವನ ಮೇಲೆ ಹೊರಿಸಿ ಮೀನು ಹಿಡಿಯಲು ಹೋದಿರಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರನ್ನು ಬರಹೇಳಿದ್ದೇನೆ. ಡಬ್ಬಿ ಇಲ್ಲದೆ, ಅವರ ಒಳ್ಳೆಯ ಕಣ್ಣನ್ನೇ ನೋಡಿಕೊಂಡು ಮಾಡುತ್ತೇನೆ. ನಿಮ್ಮ ಒಪ್ಪಿಗೆ ಕೇಳಲು ಈಗ ಹೊತ್ತಿಲ್ಲ.

ಚೂಟಿ

*

ಮೇ 8, ಗುರುವಾರ
ನದಿಯ ದಡ

ಚೂಟಿ,

ಇವತ್ತು ನಿನ್ನಿಂದ ಏನೂ ಬಂದಿಲ್ಲ. ಮುಖ ಊದಿಸಿಕೊಂಡಿದ್ದೀಯ, ಗೊತ್ತು.

ಬೆಳಿಗ್ಗೆ ಕೊನೆಗೂ ಟ್ರೌಟ್ ಸಿಕ್ಕಿತು. ಮಂಗಳವಾರ ಬರೆದ ಎರಡು ಮೀನು ಸುಳ್ಳು, ಇದೇ ಮೊದಲನೆಯದು. ಸಂತೋಷ ಪಡೋಣವೆಂದರೆ ಗಾರ್ಡಮ್ಮ ಬಿಡಲಿಲ್ಲ. ಒದ್ದೆ ಕೈಯಲ್ಲಿ ಹಿಡಿದಿದ್ದೆ. ಪಕ್ಕಕ್ಕೆ ಬಂದು ನಿಂತು, "ಆ ಕೆಂಪು ಚುಕ್ಕೆಗಳ ಸುತ್ತ ನೀಲಿ ಉಂಗುರ ನೋಡಿ ಸಾರ್, ಯಾರೋ ಕೂತು ಬರೆದ ಹಾಗಿದೆ. ಪೇಂಟರ್ ಅಲ್ವಾ ನೀವು, ಗೇಟಿಗೆ ಇಂಥಾದ್ದೇ ನೀಲಿ ಬೇಕು" ಅಂದರು.

"ಯಾವ ನೀಲಿ? ಚುಕ್ಕೆ ಇದೆ, ಸುತ್ತ ಬೂದು ಇದೆ" ಅಂದೆ.

"ಬೂದು ಅಂತೀರಲ್ಲ. ಮೂವತ್ತು ವರ್ಷ ದೀಪದ ಬಣ್ಣ ನೋಡ್ಕೊಂಡೇ ರೈಲು ಬಿಟ್ಟವಳು ನಾನು. ನಂಗೆ ನೀಲಿ ಗೊತ್ತಾಗಲ್ವಾ?"

"ನಾನೂ ಮೂವತ್ನಾಲ್ಕು ವರ್ಷ ಬಣ್ಣದಲ್ಲೇ ಇದ್ದೀನಿ ಅಮ್ಮ."

"ಗೇಟು ಬೇರೆಯವರ ಹತ್ರ ಮಾಡಿಸ್ತೀನಿ ಬಿಡಿ" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. ಪರವಾನಗಿ ಕಚೇರಿಯ ಗುಮಾಸ್ತರನ್ನು ಕೂಗಿ ಕರೆದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ನೀಲಿನೇ. ಈ ಜಾತಿ ಟ್ರೌಟಿಗೆ ಇರುತ್ತೆ, ಅದರಲ್ಲೇ ಗುರುತು ಹಿಡಿಯೋದು" ಅಂದರು. ಅಷ್ಟರಲ್ಲಿ ಮೀನು ಕೈಯಿಂದ ಜಾರಿ ನೀರಿಗೆ ಹೋಯಿತು. ಅದಕ್ಕೂ ಈ ಜಗಳ ಸಾಕಾಗಿತ್ತು.

ಮಧ್ಯಾಹ್ನ ವ್ಯಾನಿನಲ್ಲಿ ಕೂತು ಡಬ್ಬಿ ತೆಗೆದೆ. ಹನ್ನೆರಡು ಬಿಳಿಗಳನ್ನೂ ಟವೆಲಿನ ಮೇಲೆ ಸುರಿದು, ಹಿಂದಿನ ನಂಬರ್ ನೋಡದೆ, ನೀಲಿಯಿಂದ ಹಳದಿಯವರೆಗೆ ಸಾಲಾಗಿ ಜೋಡಿಸಿದೆ. ಆಮೇಲೆ ಮಗುಚಿ ನೋಡಿದೆ. ಮರದ ಕೆಳಗೆ ಬೆಳಕು ಸರಿಯಿರಲಿಲ್ಲ. ನಾಳೆ ಬೆಳಿಗ್ಗೆ ಬಯಲಲ್ಲಿ ಇಟ್ಟು ಇನ್ನೊಮ್ಮೆ ನೋಡುತ್ತೇನೆ.

ಮಾವ

*

ಮೇ 9, ಶುಕ್ರವಾರ
ನದಿಯ ದಡ

ಚೂಟಿ,

ಒಂಬತ್ತರ ಬಸ್ಸಿನಲ್ಲಿ ನಿನ್ನ ಪತ್ರ ಬಂತು. ಅದಕ್ಕೆ ಮುಂಚೆಯೇ ಬಿಸಿಲಿನಲ್ಲಿ ಡಬ್ಬಿ ಸುರಿದು ಜೋಡಿಸಿದ್ದೆ. ಮೂರರ ಪಕ್ಕ ಏಳು ಇಟ್ಟಿದ್ದೆ, ಏಳರ ಪಕ್ಕ ನಾಲ್ಕು. ಮೂರು ಸಲ ಜೋಡಿಸಿದೆ, ಮೂರು ಸಲವೂ ಬೇರೆ ಬೇರೆ ತಪ್ಪು. ಆದ್ದರಿಂದ ನಿನ್ನ ಪತ್ರದಲ್ಲಿ ಹೊಸ ಸುದ್ದಿ ಅರ್ಧವೇ ಇತ್ತು.

ನನ್ನ ಅರ್ಧವನ್ನೂ ಕೇಳು. ಆಸ್ಪತ್ರೆಯ ಕಣ್ಣಿನ ಡಾಕ್ಟರು ಎರಡು ವರ್ಷದ ಹಿಂದೆಯೇ ನನ್ನನ್ನು ನಿಲ್ಲಿಸಿ ದೀಪ ಬಿಟ್ಟು ನೋಡಿ, ಎರಡರಲ್ಲೂ ಪೊರೆ ಶುರುವಾಗಿದೆ, ನಿಮ್ಮ ಕೆಲಸಕ್ಕೆ ಬೇಗ ತೆಗೆಸುವುದು ಒಳ್ಳೆಯದು ಎಂದಿದ್ದರು. ಓದಲು ಬರುತ್ತದೆ, ವ್ಯಾನ್ ಓಡಿಸಲು ಬರುತ್ತದೆ, ಪೊರೆಯಂತೆ ಪೊರೆ ಎಂದು ಬಂದುಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಿನ್ನ ಅಮ್ಮ ಅವತ್ತೇ ಮಲಗಿಸಿ ತೆಗೆಸುತ್ತಿದ್ದಳು.

ಮಾರ್ಚಿನಲ್ಲಿ ನಿನಗೆ ಅಂದ ಮಾತು ನನಗೆ ನೆನಪಿರಲಿಲ್ಲ. ಈಗ ನೆನಪಾಗಿದೆ. ಮೊನ್ನೆ ಕಣ್ಣಿರಬೇಕು ಎಂದು ಬೇರೆ ಬರೆದೆ. ತಪ್ಪಾಯಿತು. ಇದನ್ನು ಎದುರಿಗೆ ಹೇಳಲು ನನ್ನ ಬಾಯಿ ತಿರುಗುವುದಿಲ್ಲ, ಬರೆದದ್ದನ್ನೇ ಇಟ್ಟುಕೊ.

ನಲವತ್ತೊಂದನ್ನು ನನಗೆ ಗೊತ್ತಿಲ್ಲದೆ ತಿದ್ದಿದೆಯಲ್ಲ, ಅದನ್ನು ಹೇಗೋ ನುಂಗಿಕೊಳ್ಳುತ್ತೇನೆ. ಆದರೆ ಆ ಮೂರನ್ನು ನುಂಗಲಾರೆ. ನನಗೆ ಕಾಣದೆ ತಪ್ಪಾಯಿತು. ನಿನಗೆ ಕಂಡಿತ್ತು. ತಪ್ಪೆಂದು ಕಣ್ಣಾರೆ ನೋಡಿ ಅದನ್ನು ಒಬ್ಬ ಮನುಷ್ಯನ ಮುಖಕ್ಕೆ ಕೂರಿಸಿ ಕಳಿಸಿದೆ. ಸಿಟ್ಟು ನನ್ನ ಮೇಲಿತ್ತು, ನನ್ನ ಚಹಾಕ್ಕೆ ಉಪ್ಪು ಹಾಕಬಹುದಿತ್ತು. ಅವರೇನು ಮಾಡಿದ್ದರು? ಮೂವರಿಗೂ ನೀನೇ ಬಾಯಿಬಿಟ್ಟು ಹೇಳಬೇಕು. ನನ್ನ ಹೆಸರು ಹೇಳಿ ನುಣುಚಿಕೊಳ್ಳಬೇಡ, ನನ್ನ ಪಾಲು ನಾನು ಬಂದು ಹೇಳಿಕೊಳ್ಳುತ್ತೇನೆ.

ಈಗ ಹನ್ನೊಂದು ಗಂಟೆ. ಮೇಷ್ಟ್ರು ಕಿಟಕಿಯ ಎದುರು ಕೂತಿರುತ್ತಾರೆ, ಕುಂಚ ನಿನ್ನ ಕೈಯಲ್ಲಿರುತ್ತದೆ. ಮಾಡು ಎನ್ನಲೂ ಬೇಡ ಎನ್ನಲೂ ನನ್ನಿಂದ ಆಗುವುದಿಲ್ಲ. ನಾಳೆ ನಾಡಿದ್ದು ಬಂದು, ನೀನು ಮಾಡಿದ್ದು ಸರಿಯಿದೆಯೋ ಇಲ್ಲವೋ ಎಂದು ನೋಡಿ ಹೇಳಲೂ ಆಗುವುದಿಲ್ಲ. ಬೆಳಗಿನಿಂದ ನನ್ನನ್ನು ಕೊರೆಯುತ್ತಿರುವುದು ಅದೇ.

ಭಾನುವಾರ ಹತ್ತಕ್ಕೆ, ಒಳ್ಳೆಯ ಬೆಳಕಿನಲ್ಲಿ ಹೊರಡುತ್ತೇನೆ. ಡಾಕ್ಟರ ಹತ್ತಿರ ಒಂದು ದಿನ ಗೊತ್ತುಮಾಡು. ಆಪರೇಷನ್ನಿಗೆ ಹೆದರಿಲ್ಲ. ಅದಾದ ಮೇಲೆ ಬೀದಿಯಲ್ಲಿ ನಾನು ಮಾಡಿದ ಕಣ್ಣುಗಳು ಎದುರಿಗೆ ಬಂದರೆ ಹೇಗೆ ಕಾಣುತ್ತವೋ ಎಂದು ಹೆದರಿಕೆ.

ಮಾವ

*

ಮೇ 10, ಶನಿವಾರ
ವರ್ಕ್‌ಶಾಪು

ಮಾವ,

ನೀವು ಹೊರಡುವ ಮುಂಚೆ ಇದು ಸಿಗುತ್ತದೆ. ಡಾಕ್ಟರು ಬುಧವಾರ ಹತ್ತಕ್ಕೆ ಬರಹೇಳಿದ್ದಾರೆ. ಅಮ್ಮನಿಗೆ ಹೇಳಿದ್ದೇನೆ, ಬೈಯಬೇಡಿ. ಎರಡು ವರ್ಷ ಮುಚ್ಚಿಟ್ಟಿರಿ ಎಂಬುದನ್ನು ಮಾತ್ರ ಹೇಳಿಲ್ಲ. ಅದನ್ನು ಹೇಳುವ ಧೈರ್ಯ ನಿಮಗಿದ್ದರೆ ನೀವೇ ಹೇಳಿ, ನಾನು ಆಗ ಮನೆಯಲ್ಲಿರುವುದಿಲ್ಲ.

ಬೀದಿಯ ಹೆದರಿಕೆ ಬೇಡ. ಜನವರಿಗೆ ಮುಂಚಿನವನ್ನು ನಾನು ನೋಡಿದ್ದೇನೆ, ಚೆನ್ನಾಗಿವೆ. ಆಮೇಲಿನವನ್ನೂ ನೋಡಿದ್ದೇನೆ. ಆ ಮೂರರ ವಿಷಯದಲ್ಲಿ ನೀವು ಬರೆದದ್ದು ಸರಿ. ಬೆಳಿಗ್ಗೆ ಅಜ್ಜಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. "ನನ್ನ ವಯಸ್ಸಿಗೆ ಯಾವ ಬಿಳಿಯಾದ್ರೇನು ಬಿಡು, ಆದ್ರೆ ನೀನು ಹಾಗೆ ಮಾಡ್ಬಾರ್ದಿತ್ತು" ಅಂದರು, ಮಂಗಳವಾರ ಬರುತ್ತಾರೆ. ರಿಸೆಪ್ಷನಿಸ್ಟ್ ಹುಡುಗಿ ಪೂರ್ತಿ ಕೇಳಿಸಿಕೊಂಡು ಫೋನಿಟ್ಟಳು. ಸಂಜೆ ಅವಳ ಮನೆಗೇ ಹೋಗುತ್ತೇನೆ. ಬಾಗಿಲು ತೆಗೆಯದಿದ್ದರೆ ನಾಳೆ ಮತ್ತೆ ಹೋಗುತ್ತೇನೆ.

ಮೇಷ್ಟ್ರಿಗೆ ಹೇಳಲು ನಿಮ್ಮ ಪತ್ರ ಬರುವವರೆಗೆ ಕಾಯಲಿಲ್ಲ. ನಿನ್ನೆ ಒಂಬತ್ತೂವರೆಗೆ ನಿಮ್ಮ ಗುರುವಾರದ ಪತ್ರ ಬಂತು. ಮರದ ಕೆಳಗೆ ಬೆಳಕು ಸರಿಯಿರಲಿಲ್ಲ ಎಂದು ಬರೆದದ್ದನ್ನು ಓದಿ ನನಗೆ ಸಿಟ್ಟು ಬರಬೇಕಿತ್ತು. ಅಳು ಬಂತು. ಮೂಗು ಒರೆಸಿಕೊಂಡು ಬರುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಕೂತಿದ್ದರು. ಕುಂಚ ಮುಟ್ಟುವ ಮುಂಚೆ ಎಲ್ಲ ಹೇಳಿದೆ. ಮಾರ್ಚಿನಲ್ಲಿ ನೋಡಿ ನೋಡಿ ಹಾಗೇ ಮುಚ್ಚಿದ್ದು ನಾನು, ಬೇಕಿದ್ದರೆ ಅಚ್ಚು ಕೊಡುತ್ತೇನೆ, ಬೇರೆ ಎಲ್ಲಾದರೂ ಮಾಡಿಸಿಕೊಳ್ಳಿ ಅಂದೆ.

ಅವರು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡರು. ಆಮೇಲೆ, "ಮೊದಲು ಬಣ್ಣ ಹಚ್ಚು. ಆಮೇಲೆ ಬೈತೀನಿ" ಅಂದರು.

ಎರಡು ಗಂಟೆ ಹಿಡಿಯಿತು. ಕಣ್ಣಿನ ನಡುವಿನ ಕಂದು ಬಿಲ್ಲೆಯನ್ನು ಮೂರು ಸಲ ಬರೆದೆ. ಮೊದಲೆರಡು ಕಸದ ಬುಟ್ಟಿಯಲ್ಲಿವೆ, ನೀವು ಹುಡುಕಿ ನೋಡುವಿರೆಂದು ಗೊತ್ತಿದ್ದೂ ತೆಗೆದಿಲ್ಲ. ಬಿಳಿಗೆ ಹೆಚ್ಚು ಹೊತ್ತಾಯಿತು. ಡಬ್ಬಿಯಿಲ್ಲದ್ದರಿಂದ ನಂಬರ್ ಹೇಳಿಕೊಂಡು ಬಳಿಯುವ ಹಾಗಿರಲಿಲ್ಲ, ಅವರ ಮುಖ ನೋಡುವುದು, ಬಳಿಯುವುದು, ಒರೆಸುವುದು. ಅವರ ಬಿಳಿ ಯಾವ ನಂಬರೂ ಅಲ್ಲ ಮಾವ. ಮೂಗಿನ ಕಡೆಗೆ ಒಂದು ಥರ, ಆಚೆ ಕಡೆಗೆ ಇನ್ನೊಂದು ಥರ ಇದೆ. ಮಧ್ಯಾಹ್ನ ಎಳೆ ಜೋಡಿಸಿ, ಪದರ ಹಾಕಿ, ಬೇಯಿಸಿ, ಪಾಲಿಶ್ ಮಾಡಿದೆ. ಅಲ್ಲಿಯವರೆಗೂ ಅವರು ಬೆಂಚಿನ ಮೇಲೇ ಕೂತಿದ್ದರು, ಅಮ್ಮ ಕೊಟ್ಟ ಚಹಾ ಕುಡಿಯಲಿಲ್ಲ.

ಐದು ಗಂಟೆಗೆ ಕಣ್ಣು ಕೂರಿಸಿ ಕನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿಕೊಂಡರು. ಚೆನ್ನಾಗಿದೆ ಎನ್ನಲಿಲ್ಲ. ಕನ್ನಡಿಯನ್ನು ಮೇಜಿನ ಮೇಲೆ ಬೋರಲು ಹಾಕಿ, "ಈಗ ಕೇಳು" ಎಂದು ಶುರುಮಾಡಿದರು.

ಕಾಲು ಗಂಟೆ ಬೈದರು. ಎರಡು ತಿಂಗಳು ಕನ್ನಡಿ ನೋಡದೆ ಗಡ್ಡ ಹೆರೆದುಕೊಂಡದ್ದು, ಮಗಳ ಶಾಲೆಯ ಗೇಟಿನಿಂದ ದೂರವೇ ನಿಂತು ಅವಳಿಗಾಗಿ ಕಾದದ್ದು, ಒಂದನ್ನೂ ಬಿಡದೆ ಹೇಳಿದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನಾನು ತಲೆ ತಗ್ಗಿಸಿ ಕೇಳಬೇಕಾದ ಮಾತುಗಳು. ತಗ್ಗಿಸಲು ಆಗಲಿಲ್ಲ. ಕಿಟಕಿಯ ಬೆಳಕು ಅವರ ಮುಖದ ಮೇಲಿತ್ತು. ಎರಡು ಕಣ್ಣೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವು. ಅದರಲ್ಲಿ ಯಾವುದು ನಾನು ಮಾಡಿದ್ದು ಎಂದು ಒಂದು ಗಳಿಗೆ ನನಗೇ ಗೊತ್ತಾಗಲಿಲ್ಲ.

ಚೂಟಿ